ದೀಪ ಕಡೆಯುವ ಕೆಂಡಕ್ಕ

ಕೆಂಡಕ್ಕನಿಗೆ ಕೋಪ ಬರುತ್ತದೆ ಎನ್ನುವುದು ತಪ್ಪು. ಬರಬೇಕಾದರೆ ಅದು ಎಲ್ಲಿಗಾದರೂ ಹೋಗಿರಬೇಕಲ್ಲ. ಅವಳು ಬೆಳಿಗ್ಗೆ ಎದ್ದು ಮುಖ ತೊಳೆಯುವಾಗಲೇ ಅದು ಮೂಗಿನ ತುದಿಯಲ್ಲಿ ಕೂತಿರುತ್ತದೆ. ಮುಖದ ಜೊತೆ ತಾನೂ ತೊಳೆಸಿಕೊಂಡು ಇನ್ನಷ್ಟು ಫಳಫಳ ಹೊಳೆಯುತ್ತದೆ. ನಲ್ಲಿ ತೊಟ್ಟಿಕ್ಕಿದರೆ ಕೋಪ, ತೊಟ್ಟಿಕ್ಕದಿದ್ದರೆ ನೀರೇ ಬಂದಿಲ್ಲವೆಂದು ಕೋಪ. ಕೆಂಡಕ್ಕ ಎಂಬ ಹೆಸರು ಬೀದಿಯವರು ಇಟ್ಟದ್ದು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಹಿಂದಿನಿಂದ ಹಾಗೆ ಕರೆಯದವರು ಯಾರೂ ಇಲ್ಲ. ಅದು ಅವಳಿಗೆ ಗೊತ್ತು, ಅದಕ್ಕೂ ಕೋಪ.

ಇಂಥ ಹೆಂಗಸು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವೆಂದರೆ ಜನರಿಗೆ ತಾಳ್ಮೆ ಕಲಿಸುವುದು. ನಗಬೇಡಿ, ನಿಜವಾಗಿ. ಅಣ್ಣನ ಫರ್ನಿಚರ್ ಅಂಗಡಿಯ ಹಿಂದೆ ಒಂದು ತಗಡಿನ ಶೆಡ್ಡು, ಅದರೊಳಗೆ ಅಪ್ಪನ ಕಾಲದ ಒಂದು ಲೇತು, ಪಕ್ಕದಲ್ಲಿ ಆಮೇಲೆ ತಂದ ಚಿಕ್ಕ ಲೇತುಗಳು. ರಜೆಯ ದಿನ ಅಲ್ಲಿ ಮರ ಕಡೆಯುವ ಕ್ಲಾಸು. ಬರುವವರೆಲ್ಲ ಹೊಸಬರು: ಬ್ಯಾಂಕಿನ ಗುಮಾಸ್ತ, ಟೈಲರ್, ಗಂಡನ ಮೇಲೆ ಮುನಿಸಿಕೊಂಡು ಬಂದ ಹೆಂಡತಿ, ಹೆಂಡತಿಯಿಂದ ತಪ್ಪಿಸಿಕೊಂಡು ಬಂದ ಗಂಡ. ಪೆನ್ನಿಗಿಂತ ಚೂಪಾದದ್ದನ್ನು ಕೈಯಲ್ಲಿ ಹಿಡಿಯದ ಈ ಜನ ಮಧ್ಯಾಹ್ನದೊಳಗೆ ಒಂದೊಂದು ಪುಟ್ಟ ಎಣ್ಣೆದೀಪ ಕಡೆದು ಮನೆಗೆ ಒಯ್ಯಬೇಕು. ಮೇಜಿನ ಮೇಲೆ ಚೆಂದಕ್ಕೆ ಇಡುವಂಥದ್ದು. ಮುಷ್ಟಿ ಗಾತ್ರದ ಮರದ ಒಡಲು, ಅದರ ನೆತ್ತಿಯಲ್ಲಿ ಕೊರೆದ ಗುಳಿ, ಗುಳಿಯೊಳಗೆ ಕೂರುವ ಗಾಜಿನ ಬಟ್ಟಲು, ಬಟ್ಟಲಲ್ಲಿ ಎಣ್ಣೆ, ಹಿತ್ತಾಳೆ ಮುಚ್ಚಳದ ತೂತಿನಿಂದ ಇಣುಕುವ ಬತ್ತಿ.

"ಮೇಡಂ, ಗಾಜಿನ ಬಟ್ಟಲು ಯಾಕೆ? ಎಣ್ಣೇನ ಸೀದಾ ಗುಳಿಗೇ ಹಾಕ್ಬಹುದಲ್ವಾ?" ಎಂದು ಗುಮಾಸ್ತ ಕೇಳಿದ್ದ.

"ಹಾಕಿ ಸ್ವಾಮಿ, ಧಾರಾಳವಾಗಿ ಹಾಕಿ. ಮರ ಎಣ್ಣೆ ಕುಡೀತದೆ, ಬೆಂಕಿ ಮರ ತಿಂತದೆ. ಚೆನ್ನಾಗಿ ಉರಿಯುತ್ತೆ, ನಿಮ್ಮ ಮೇಜಿನ ಸಮೇತ!"

ಅವಳ ಪಾಠವೇನೂ ದೊಡ್ಡದಲ್ಲ. ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಹತಾರವನ್ನು ಮೊದಲು ಎದುರಿನ ಕಬ್ಬಿಣದ ಪಟ್ಟಿಯ ಮೇಲೆ ಊರಬೇಕು. ಆಮೇಲೆ ಅದರ ಬೆನ್ನನ್ನು ಮರಕ್ಕೆ ಸವರಬೇಕು. ಆಮೇಲಷ್ಟೇ ಹಿಡಿ ಎತ್ತಿ ಅಲಗಿನ ಬಾಯಿ ತಾಗಿಸಬೇಕು. "ಪಟ್ಟಿ, ಬೆನ್ನು, ಬಾಯಿ!" ಎಂದು ಅವಳು ಲೇತಿನ ಸದ್ದಿಗೂ ಮಿಗಿಲಾಗಿ ಕೂಗುತ್ತಿದ್ದಳು. "ಬಾಯಿ ಮೊದಲು ಹಾಕಿದ್ರೆ ಕಚ್ಚುತ್ತೆ. ಮನೇಲೂ ಅಷ್ಟೇ, ತಿಳ್ಕೊಳ್ಳಿ!" ಮನೆಯಲ್ಲಿ ಅವಳೇ ಯಾವಾಗಲೂ ಬಾಯಿ ಮೊದಲು ಹಾಕುತ್ತಿದ್ದಳು ಎನ್ನುವುದು ಬೇರೆ ಮಾತು.

ಕ್ಲಾಸಿನಲ್ಲಿ ಹತಾರಕ್ಕೆ 'ಟೂಲ್' ಎನ್ನಬೇಕೆಂದು ಅಣ್ಣನ ಕಟ್ಟಪ್ಪಣೆ. "ಹಳೇ ಮಾತೆಲ್ಲ ಬೇಡ. ಬರೋರು ಓದಿದ ಜನ. ಟೂಲ್ ಅಂದ್ರೆ ಒಂದು ಗತ್ತು ಇರುತ್ತೆ" ಎಂದಿದ್ದ. ಅವಳು ಹಲ್ಲು ಕಚ್ಚಿಕೊಂಡು ಟೂಲ್ ಎನ್ನುತ್ತಿದ್ದಳು. ಜಾಗ ಅವನದು, ಲೇತು ಅವನದು, ಕರೆಂಟು ಅವನದು. ಮಾತು ಮಾತ್ರ ತನ್ನದೇ ಇರಲಿ ಎಂದರೆ ಹೇಗಾಗುತ್ತದೆ?

ಅವಳ ಕೋಪಕ್ಕೆ ರೆಂಬೆ ಸಾವಿರ, ಬೇರು ಒಂದೇ. ಅದು ಅಪ್ಪನ ಹತಾರಗಳು. ಅಪ್ಪ ಮರ ಕಡೆಯುವವನು. ಮಂಚದ ಕಾಲು, ಮೆಟ್ಟಿಲ ಕಂಬಿ, ಮಕ್ಕಳ ಬುಗುರಿ, ಯಾವುದು ಬೇಕಾದರೂ ಅವನ ಕೈಯಲ್ಲಿ ಗುಂಡಗಾಗುತ್ತಿತ್ತು. ಹತಾರದ ಅಲಗುಗಳನ್ನು ಕಮ್ಮಾರನ ಎದುರು ಕೂತು ಬಡಿಸಿದ್ದ, ಹಿಡಿಗಳನ್ನು ತಾನೇ ಕಡೆದಿದ್ದ. ಅಗಲ ಬಾಯಿಯ ಹತಾರದ ಹಿಡಿಯಲ್ಲಿ ಅವನ ಹೆಬ್ಬೆರಳು ಕೂತು ಕೂತು ಒಂದು ಗುಳಿಯೇ ಬಿದ್ದಿತ್ತು. ಅಪ್ಪ ಹೋದ ಮೇಲೆ ಅವಳು ಅವನ್ನು ಕೇಳಿದ್ದಳು. ಒಂದು ಸಲವಲ್ಲ, ಕೇಳಿ ಕೇಳಿ ನಾಲಿಗೆ ಸವೆದಿತ್ತು. ಅಣ್ಣ ಅವನ್ನು ಅಟ್ಟದಿಂದ ಇಳಿಸಿರಲಿಲ್ಲ. ಈಗ ಇಳಿಸಿದ್ದ, ಆದರೆ ಅವಳಿಗಾಗಿ ಅಲ್ಲ. ಮುಖ್ಯರಸ್ತೆಯಲ್ಲಿ ಹೊಸ ಶೋರೂಂ ತೆರೆಯುತ್ತಿದ್ದ. ಹತಾರಗಳನ್ನು ಕೆಂಪು ಮಖಮಲ್ಲಿನ ಮೇಲೆ ಕೂರಿಸಿ, ಗಾಜಿನ ಫ್ರೇಮು ಹಾಕಿಸಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ನೇತುಹಾಕುವವನಿದ್ದ. ಕೆಳಗೆ 'ನಮ್ಮ ತಂದೆಯವರ ಕಾಲದಿಂದ' ಎಂದು ಬರೆಸಿದ್ದ. ಅಣ್ಣ ಜೀವಮಾನದಲ್ಲಿ ಏನಾದರೂ ಕಡೆದಿದ್ದರೆ ಅದು ಮೊಸರು, ಅದೂ ಅತ್ತಿಗೆ ತವರಿಗೆ ಹೋದಾಗ.

"ಅಣ್ಣ, ಅದು ಕೆಲಸದ ಸಾಮಾನು. ಗೋಡೆಗೆ ತೂಗು ಹಾಕೋಕೆ ಅದೇನು ಕ್ಯಾಲೆಂಡರಾ?" ಎಂದು ಅವಳು ಜಗಳಕ್ಕೆ ನಿಂತಿದ್ದಳು.

"ನೋಡೋಣ ತಡಿ, ಎಲ್ಲಾದಕ್ಕೂ ಒಂದು ಕಾಲ ಅಂತ ಇರುತ್ತೆ."

"ನೋಡೋಣ ನೋಡೋಣ ಅಂತ ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಕೊಡ್ತೀನಿ ಅನ್ನು, ಇಲ್ಲಾ ಕೊಡಲ್ಲ ಅನ್ನು."

ಆಗ ಅಣ್ಣನ ದನಿ ಬೆಣ್ಣೆಯಾಗುತ್ತಿತ್ತು. "ಅಪ್ಪ ಇದನ್ನ ನಿನಗೆ ಅಂತ ಹೇಳಿದ್ರಾ? ಇಲ್ವಲ್ಲ. ನಿಂಗೆ ಅವ್ರು ಹೇಳಿದ್ದು ಒಂದೇ ಮಾತು. ಉಳಿ ಅಂದ್ರು. ನೀನು ಉಳ್ಕೊಂಡೆ, ನೋಡ್ಕೊಂಡೆ, ಪುಣ್ಯ ಕಟ್ಕೊಂಡೆ. ಅದಕ್ಕಿಂತ ದೊಡ್ಡ ಆಸ್ತಿ ಬೇಕಾ?"

ಈ ಮಾತು ಬಂದ ಮೇಲೆ ಅವಳು ಜಗಳ ಬಿಟ್ಟು ಶೆಡ್ಡಿಗೆ ಹಿಂದಿರುಗುತ್ತಿದ್ದಳು. ಯಾಕೆಂದರೆ ಅಪ್ಪ ಹಾಗೆ ಅಂದದ್ದು ನಿಜ.

ಅವಳು ಅಪ್ಪನ ಲೇತಿನ ಪಕ್ಕದಲ್ಲೇ ಬೆಳೆದವಳು. ಅಣ್ಣನಿಗೆ ಧೂಳೆಂದರೆ ಸೀನು. ಅವಳಿಗೆ ಮರದ ಹೊಟ್ಟಿನ ವಾಸನೆ ಇಲ್ಲದಿದ್ದರೆ ನಿದ್ದೆ ಬಾರದು. ಪ್ರಾಯಕ್ಕೆ ಬರುವಷ್ಟರಲ್ಲಿ ಅಪ್ಪ ಕಡೆದ ಕಂಬಿ ಯಾವುದು, ಮಗಳು ಕಡೆದದ್ದು ಯಾವುದು ಎಂದು ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ಬೇರೆ ಊರಿನ ದೊಡ್ಡ ಕಾರ್ಖಾನೆಯೊಂದರ ಮೇಸ್ತ್ರಿ ಅವಳ ಕೆಲಸ ಕಂಡು, "ಬಂದುಬಿಡಮ್ಮ, ಕೆಲಸ ಕೊಡ್ತೀನಿ. ನಿನ್ನ ಹತಾರ ನೀನೇ ತರ್ಬೇಕು, ಅಷ್ಟೇ" ಎಂದಿದ್ದ. ಅಪ್ಪ ಹಿಗ್ಗಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಅಷ್ಟರಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು. 'ನೀರು', 'ಬೇಡ' ಎಂಬಂಥ ಒಂದೆರಡು ತುಂಡು ಮಾತು ಮಾತ್ರ ಉಳಿದವು. ಆದರೂ ಅಮ್ಮ, "ಹೋಗು, ನಾನು ನೋಡ್ಕೋತೀನಿ" ಎಂದಳು. ಹೊರಡುವ ಬೆಳಿಗ್ಗೆ ಅವಳು ಚೀಲವನ್ನು ಹೊಸ್ತಿಲ ಬಳಿ ಇಟ್ಟು, ಅಪ್ಪನಿಗೆ ಹೇಳಿ ಹೋಗಲು ಹಾಸಿಗೆಯ ಹತ್ತಿರ ಬಂದಳು. ಅಪ್ಪ ಎಡಗೈ ಎತ್ತಿದ. ಅಂಗೈ ಮೇಲಾಗಿ ಚಾಚಿದ. ಇಡೀ ಮುಖ ಒಂದು ಬದಿಗೆ ಎಳೆಯುವಷ್ಟು ಕಷ್ಟಪಟ್ಟು ಹೇಳಿದ: "ಉಳಿ."

"ಅಯ್ಯೋ, ಉಳ್ಕೋ ಅನ್ನೋಕೆ ನಾಲಿಗೆ ಹೊರಳ್ತಿಲ್ಲ, ಪಾಪ" ಎಂದು ಅಮ್ಮ ಅತ್ತಳು. "ಹೋಗ್ಬೇಡ ಅಂತಿದಾರೆ ಕಣೇ."

ಬಾಗಿಲಲ್ಲಿ ಚೀಲ, ಹಾಸಿಗೆಯಲ್ಲಿ ಬೇಡುವ ಕೈ. ಮನೆಯವರೆಲ್ಲ ಅತ್ತರು. ಅವಳೂ ಅತ್ತು, ಚೀಲವನ್ನು ಒಳಗೆ ಎಳೆದುಕೊಂಡು, ಅಪ್ಪನ ಚಾಚಿದ ಅಂಗೈಯಲ್ಲಿ ತನ್ನ ಕೈ ಇಟ್ಟಳು. ಅಪ್ಪ ಆ ಕೈಯನ್ನು ಕೊಡವಿ ಬಿಸಾಡಿದ.

ಅಲ್ಲಿಂದ ಶುರುವಾಯಿತು. ಅಪ್ಪ ದಿನಾ ಕೈ ಚಾಚುತ್ತಿದ್ದ, ದಿನಾ 'ಉಳಿ' ಎನ್ನುತ್ತಿದ್ದ. "ಇಲ್ಲೇ ಇದೀನಲ್ಲಪ್ಪ, ಎಲ್ಲಿಗೆ ಹೋದೆ?" ಎಂದು ಅವಳು ಕೈ ಇಡುತ್ತಿದ್ದಳು. ಅವನು ಕೆಂಪಗಾಗಿ, ಎಂಜಲು ಹಾರಿಸಿಕೊಂಡು, ಒಳ್ಳೆಯ ಕೈಯಿಂದ ಹಾಸಿಗೆಯನ್ನು ದಬದಬ ಹೊಡೆಯುತ್ತಿದ್ದ. ಮೊದಮೊದಲು ಅವಳಿಗೆ ಕನಿಕರ. ಆಮೇಲಾಮೇಲೆ ಅವಳೂ ರೇಗತೊಡಗಿದಳು. "ಉಳ್ಕೊಂಡಿದೀನಲ್ಲ! ಇನ್ನೂ ಎಷ್ಟು ಉಳೀಲಿ? ಮಂಚದ ಕಾಲಿಗೆ ಕಟ್ಟಾಕ್ತೀಯಾ?" ಅಪ್ಪ ಹೊಡೆಯುವುದು, ಮಗಳು ಕೂಗುವುದು, ಪಕ್ಕದ ಮನೆಯವರು ಕಿಟಕಿ ಮುಚ್ಚುವುದು. ಬಂದ ಸಂಬಂಧಗಳೂ ಈ ಸದ್ದು ಕೇಳಿ ಬಾಗಿಲಿನಿಂದಲೇ ಹಿಂದಿರುಗಿದವು. ಕೆಂಡಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಅಪ್ಪನ ಮಾತು ಒಂದು ದಿನ ನಿಂತಿತು. ಮಗಳು ಕೋಣೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹಾಗೇ ಮಲಗಿ ಹೋಗಿಬಿಟ್ಟ.

ಊರಂಚಿನ ಸಾಮಿಲ್ಲಿನ ಯಜಮಾನಿ, ಇವಳು ಮರದ ತುಂಡು ತರಲು ಹೋದಾಗಲೆಲ್ಲ ಕರೆಯುತ್ತಿದ್ದಳು. "ನನ್ನ ಹಿಂದಿನ ಶೆಡ್ಡು ಖಾಲಿ ಬಿದ್ದಿದೆ, ಲೇತೂ ಇದೆ. ಕೈಯಲ್ಲಿ ಹತಾರ ಹಿಡ್ಕೊಂಡು ಬಂದ್ಬಿಡು ತಾಯಿ. ಅಣ್ಣನ ಹಂಗು ಯಾಕೆ?"

"ಬರ್ತೀನಿ, ಬಂದ್ರೆ ಅಪ್ಪನ ಹತಾರದ ಜೊತೇಲೇ ಬರ್ತೀನಿ" ಎನ್ನುತ್ತಿದ್ದಳು ಕೆಂಡಕ್ಕ. ಹಠ ಎಂದರೆ ಹಠ.

ಶೋರೂಮಿಗೆ ಫ್ರೇಮು ಹೋದ ದಿನವೇ ಕ್ಲಾಸೂ ಇತ್ತು. ಅವಳ ಮೈಯೆಲ್ಲ ಉರಿಯುತ್ತಿತ್ತು. ಆ ದಿನ ಬಂದವರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿದ್ದಳು. ಇಲಿಮರಿಯಷ್ಟು ಸಂಕೋಚ, ಮಾತಾಡಿದರೆ ತನಗೇ ಕೇಳಿಸದು. ಅವಳ ದೀಪ ಬಹಳ ಚೆಂದ ಬರುತ್ತಿತ್ತು: ಕೆಳಗೆ ಅಗಲ ಪಾದ, ನಡುವೆ ಸಣ್ಣ ಸೊಂಟ, ಮೇಲೆ ಉಬ್ಬಿದ ಬಟ್ಟಲು. ಕೊನೆಗೆ ಸೊಂಟವನ್ನು ಇನ್ನೊಂದು ಚೂರು ತೆಳ್ಳಗೆ ಮಾಡೋಣವೆಂದು ಆಸೆಪಟ್ಟು, ಬೆನ್ನು ಮರೆತು ಬಾಯಿ ಹಾಕಿದಳು. ಕಚ್ಚಿತು. ಹತಾರ ಮೇಲಕ್ಕೆ ಜಾರಿ, ದೀಪದ ಅರ್ಧ ತುಟಿ ಕಿತ್ತು ಹಾರಿ ತಗಡಿನ ಗೋಡೆಗೆ ಫಟಾರೆಂದು ಬಡಿಯಿತು. ಟೈಲರ್ ಹೆದರಿ ಬೆಂಚಿನ ಕೆಳಗೆ ಕೂತ.

ಕೆಂಡಕ್ಕ ಓಡಿ ಬಂದಳು. "ಸರೀರಿ, ಸರೀರಿ!" ಎಂದು ಎಲ್ಲರನ್ನೂ ತಳ್ಳಿ, ಮೂಗಿಗೆ ಬಟ್ಟೆ ಏರಿಸಿ, ಲೇತಿಗೆ ಬಾಗಿದಳು. ಮುರಿದ ತುಟಿಯನ್ನು ಸವರಿ ತಗ್ಗಿಸಿದರೆ ದೀಪ ಕುಳ್ಳಗಾದರೂ ಬದುಕುತ್ತದೆ. ಎಡಗೈ ಪಟ್ಟಿಯ ಮೇಲೆ, ಕಣ್ಣು ತಿರುಗುವ ಮರದ ಮೇಲೆ. ಬಲಗೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಚ್ಚಿ, ಹಿಂದೆ ನಿಂತ ಹುಡುಗಿಗೆ ಹೇಳಿದಳು: "ಉಳಿ!"

ಅಣ್ಣನ ಟೂಲು ಆ ಅವಸರದಲ್ಲಿ ನೆನಪಿಗೆ ಬರಲಿಲ್ಲ. ಅಂಗೈ ಮೇಲೆ ಏನೂ ಬೀಳಲಿಲ್ಲ. "ಉಳಿ, ಉಳಿ!" ಎಂದು ಗದರಿದಳು. ಆಗಲೂ ಬೀಳಲಿಲ್ಲ. "ಕೋಣನ ಮುಂದೆ ಕಿನ್ನರಿ" ಎಂದು ಗೊಣಗಿ ತಾನೇ ತಿರುಗಿ ಎತ್ತಿಕೊಂಡಳು. ದೀಪ ಬದುಕಿತು. ಉಪ್ಪುಕಾಗದ ಉಜ್ಜಿ, ಎಣ್ಣೆ ಸವರಿ, ಗಾಜಿನ ಬಟ್ಟಲು ಕೂರಿಸಿ, ಎಲ್ಲರೂ ತಮ್ಮ ತಮ್ಮ ದೀಪವನ್ನು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಹೊರಟರು.

ಹುಡುಗಿ ಮಾತ್ರ ಹೋಗಲಿಲ್ಲ. ಸ್ಟೂಲಿನ ತುದಿಯಲ್ಲಿ ಕೂತು, ತೊಡೆಯ ಮೇಲಿನ ಚೀಲವನ್ನು ಹಿಂಡುತ್ತಿದ್ದಳು. ಕಣ್ಣು ತುಂಬಿತ್ತು.

"ಯಾಕೆ, ಮನೆ ಮಠ ಇಲ್ವಾ?" ಎಂದಳು ಕೆಂಡಕ್ಕ, ಹೊಟ್ಟು ಗುಡಿಸುತ್ತ.

"ನೀವೇ ಹೇಳಿದ್ರಲ್ಲ ಮೇಡಂ."

"ನಾನೇನು ಹೇಳ್ದೆ?"

"ಉಳಿ ಅಂದ್ರಿ. ಮತ್ತೆ ಮತ್ತೆ ಅಂದ್ರಿ. ದೀಪ ಹಾಳು ಮಾಡಿದ್ದಕ್ಕೆ ಕ್ಲಾಸ್ ಮುಗಿದ್ಮೇಲೆ ನಾನು ಉಳೀಬೇಕು ಅಂತ..."

ಕೆಂಡಕ್ಕ ನಕ್ಕಳು. ಅವಳು ನಕ್ಕದ್ದನ್ನು ಆ ಶೆಡ್ಡು ಕೇಳಿ ಎಷ್ಟು ಕಾಲವಾಗಿತ್ತೋ. ಪೊರಕೆ ಬಿಸಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದಮ್ಮ! ನೀನು ಉಳಿ ಅಂತಲ್ವೇ, ಉಳಿ ಕೊಡು ಅಂತ! ನೀವೆಲ್ಲ ಟೂಲು ಟೂಲು ಅಂತೀರಲ್ಲ, ಅದರ ಹೆಸರು ಕಣೇ, ಉಳಿ! ಕೈ ಚಾಚಿ, ಇಗೋ ನೋಡು ಹೀಗೆ ಅಂಗೈ ಮೇಲೆ ಮಾಡಿ, ಉಳಿ ಅಂದ್ರೆ ಯಾರಾದ್ರೂ ಅಂಗೈಗೆ ಉಳಿ ಇಡ್ತಾರೋ, ಇಲ್ಲಾ..."

ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅವಳು ತನ್ನ ಖಾಲಿ ಅಂಗೈಯನ್ನು ನೋಡಿದಳು.

ಈ ಕೈ ಅವಳಿಗೆ ಗೊತ್ತಿತ್ತು. ಇದೇ ಲೇತಿಗೆ ಬಾಗಿ, ಮರದಿಂದ ಕಣ್ಣು ಕೀಳದೆ, ಅಪ್ಪ ಹೀಗೇ ಹಿಂದಕ್ಕೆ ಕೈ ಚಾಚುತ್ತಿದ್ದ. "ಉಳಿ." ಅಷ್ಟೇ. ಯಾವ ಉಳಿ ಎಂದು ಅವನು ಹೇಳುತ್ತಿರಲಿಲ್ಲ. ಮರದ ಸದ್ದು ಕೇಳಿಯೇ ಅಗಲದ್ದೋ ಸಪೂರದ್ದೋ ಎಂದು ತಿಳಿದು ಅವಳು ಅಂಗೈಗೆ ಇಡುತ್ತಿದ್ದಳು. ಬಾಲ್ಯವೆಲ್ಲ ಅದೇ ಮಾತು, ಅದೇ ಕೈ. ಅದು ಶೆಡ್ಡಿನಲ್ಲಿ ಚಾಚಿದ್ದರೆ ಅರೆಕ್ಷಣದಲ್ಲಿ ತಿಳಿಯುತ್ತಿತ್ತು. ಹಾಸಿಗೆಯಿಂದ ಚಾಚಿದ್ದಕ್ಕೆ ಬೇಡುವ ಕೈಯಾಗಿಬಿಟ್ಟಿತು. ಅಪ್ಪ ಮಗಳನ್ನು ತಡೆದಿರಲಿಲ್ಲ. ಮಲಗಿದ ಅಪ್ಪನ ಹತಾರ ಕೇಳಲು ಮನಸ್ಸಾಗದೆ ಬರಿಗೈಯಲ್ಲಿ ಹೊರಟಿದ್ದ ಮಗಳಿಗೆ, ಉಳಿ ತಾ, ಕೊಟ್ಟು ಕಳಿಸುತ್ತೇನೆ ಎಂದಿದ್ದ.

ಹುಡುಗಿಗೆ ಏನು ಹೇಳಿದಳೋ, ಹೇಳಲೇ ಇಲ್ಲವೋ. ಮೈತುಂಬ ಮರದ ಹೊಟ್ಟು, ಸೊಂಟಕ್ಕೆ ಕಟ್ಟಿದ ಏಪ್ರನ್, ಹಾಗೇ ಮುಖ್ಯರಸ್ತೆಗೆ ನಡೆದಳು. ಎದುರಿಗೆ ಬಂದವರು ಪಕ್ಕಕ್ಕೆ ಸರಿದರು.

ಶೋರೂಮಿನಲ್ಲಿ ಬಣ್ಣದ ವಾಸನೆ. ಬಡಗಿ ಏಣಿ ಹತ್ತಿ ಗೋಡೆಯ ಮೇಲೆ ಫ್ರೇಮನ್ನು ಸರಿಮಾಡುತ್ತಿದ್ದ. ಅಣ್ಣ ಕೆಳಗೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದ. ನೋಡಲೆಂದು ಕರೆತಂದಿದ್ದ ಅಮ್ಮನನ್ನು ಹೊಸ ಸೋಫಾದ ಮೇಲೆ ಕೂರಿಸಿದ್ದರು. ಸೋಫಾದ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ.

"ಅಣ್ಣ, ಅಪ್ಪ ಉಳಿ ಅಂದಿದ್ದು ಯಾವುದಕ್ಕೆ?"

ಅಣ್ಣ ಉತ್ತರ ಹೇಳುವ ಮೊದಲು ಅವನ ಕಣ್ಣು ಫ್ರೇಮಿನ ಮೇಲೆ ಹೋಗಿ ಬಂತು. ಅಷ್ಟು ಸಾಕಾಯಿತು.

"ಗೊತ್ತಿತ್ತು ನಿಂಗೆ!" ಅವಳ ಕೂಗಿಗೆ ಏಣಿಯ ಮೇಲಿದ್ದ ಬಡಗಿ ಗೋಡೆ ಹಿಡಿದುಕೊಂಡ. "ಗೊತ್ತಿದ್ದೂ ದಿನಾ ಅದೇ ಮಾತು ನನ್ನ ಮುಖಕ್ಕೆ ಹೊಡೀತಿದ್ದೆ! ಉಳಿ ಅಂದ್ರು, ಉಳ್ಕೊಂಡೆ, ಪುಣ್ಯ ಬಂತು ಅಂತ! ನಿಂಗೆ ನಾಚಿಕೆ ಆಗ್ಲಿಲ್ವಾ?"

"ಅಮ್ಮ ಅಟ್ಟಕ್ಕೆ ಎತ್ತಿಡು ಅಂದ್ಲು, ಎತ್ತಿಟ್ಟೆ" ಎಂದ ಅಣ್ಣ, ಸಣ್ಣ ದನಿಯಲ್ಲಿ. "ನನ್ನನ್ಯಾಕೆ ಕೇಳ್ತೀಯ?"

"ಅವನ ಮೇಲೆ ಕೂಗ್ಬೇಡ" ಎಂದಳು ಅಮ್ಮ. "ಕೇಳೋದಿದ್ರೆ ನನ್ನ ಕೇಳು. ಮೊದಲನೇ ದಿನ ನಂಗೂ ಉಳ್ಕೋ ಅಂದ ಹಾಗೇ ಕೇಳಿಸ್ತು. ಆಮೇಲೆ ಒಂದಿನ ಶೆಡ್ಡಿನ ಕಡೆ ಬೆರಳು ಮಾಡಿ ಅಂದಾಗ ಗೊತ್ತಾಯ್ತು."

"ಗೊತ್ತಾದ್ಮೇಲೆ ಯಾಕಮ್ಮ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ?" ಅಮ್ಮ ಅವಳನ್ನು ನೇರವಾಗಿ ನೋಡಿದಳು. "ಉಳಿ ಕೊಟ್ಟಿದ್ರೆ ನೀನು ಉಳೀತಿದ್ಯಾ? ಅಷ್ಟು ದೊಡ್ಡ ಆಳನ್ನ ಎತ್ತಿ ಕೂರಿಸೋಕೆ, ತೊಳೆಯೋಕೆ, ಬಳಿಯೋಕೆ ನನ್ನೊಬ್ಬಳ ಕೈಲಿ ಆಗ್ತಿತ್ತಾ? ಇವನ ಕೈಲಿ ಆಗ್ತಿತ್ತಾ?"

"ಉಳೀತಿರ್ಲಿಲ್ಲ. ಹೋಗ್ತಿದ್ದೆ! ಹೋಗು ಅಂತಾನೇ ಅಪ್ಪ ಹೇಳಿದ್ದು!" ಅವಳು ಸೋಫಾದ ಮುಂದೆ ಬಂದು ನಿಂತಳು. "ನಾನು ಉಳ್ಕೊಂಡಿದ್ದಕ್ಕಲ್ಲಮ್ಮ ಸಿಟ್ಟು. ಕೇಳಿದ್ರೆ ಆಗಾಗ ಬಂದು ನಾನೇ ಮಾಡ್ತಿದ್ನೋ ಏನೋ. ಅವ್ರು ಕೈ ಚಾಚಿದಾಗೆಲ್ಲ ಖಾಲಿ ಕೈ ಇಟ್ನಲ್ಲ! ತಾನು ಹೇಳ್ಕೊಟ್ಟ ಮಾತನ್ನೇ ಮಗಳು ಮರೆತ್ಲು ಅಂದ್ಕೊಂಡು ಗೋಡೆ ಕಡೆ ತಿರುಗಿ ಸತ್ರಲ್ಲ! ನೀನು ಪಕ್ಕದಲ್ಲೇ ಕೂತು ನೋಡಿದ್ಯಲ್ಲ!"



ಕೆಂಡಕ್ಕ ಏಣಿಯ ಬಳಿ ಹೋಗಿ ಕೈ ಚಾಚಿದಳು. ಬಡಗಿ ಒಮ್ಮೆ ಅಣ್ಣನ ಮುಖ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಫ್ರೇಮನ್ನು ಇಳಿಸಿ ಅವಳ ಕೈಗೆ ಕೊಟ್ಟು, ಕೇಳದೆಯೇ ಸ್ಕ್ರೂಡ್ರೈವರನ್ನೂ ಕೊಟ್ಟ.

"ಅಂಟು ಹಾಕಿಸಿದೀನಿ, ಹಾಳಾಗುತ್ತೆ!" ಎಂದ ಅಣ್ಣ.

"ಹಾಳಾಗೋಕೆ ಇನ್ನೇನು ಉಳಿದಿದೆ?"

ಹಿಂಬದಿಯ ಹಲಗೆ ಬಿಚ್ಚಿ, ಒಂದೊಂದೇ ಉಳಿಯನ್ನು ಮಖಮಲ್ಲಿನಿಂದ ಚರ್ರೆಂದು ಕಿತ್ತಳು. ಹೊಳೆಯಲಿ ಎಂದು ಅಣ್ಣ ಅಲಗಿನ ಬಾಯಿಗೂ ವಾರ್ನಿಷ್ ಬಳಿಸಿದ್ದ. ಅವಳು ಅದನ್ನು ನೋಡಿ ಬೈಯಲೂ ಇಲ್ಲ, ಬೈಗುಳವೆಲ್ಲ ಮುಗಿದಿತ್ತು. ಏಪ್ರನ್ ಬಿಚ್ಚಿ ನೆಲಕ್ಕೆ ಹಾಸಿ ಎಲ್ಲವನ್ನೂ ಅದರಲ್ಲಿ ಸುತ್ತಿಕೊಂಡಳು. ಅಗಲ ಬಾಯಿಯದನ್ನು ಮಾತ್ರ ಕೈಯಲ್ಲೇ ಹಿಡಿದಳು. ಅಪ್ಪನ ಹೆಬ್ಬೆರಳಿನ ಗುಳಿಯಲ್ಲಿ ಅವಳ ಹೆಬ್ಬೆರಳು ಕೂತಿತು.

"ಶೆಡ್ಡಿಗೆ ನಾಳೆಯಿಂದ ಬೀಗ ಹಾಕ್ಕೋ" ಎಂದಳು ಅಣ್ಣನಿಗೆ. "ನಾನು ಸಾಮಿಲ್ಲಲ್ಲಿರ್ತೀನಿ. ಕ್ಲಾಸಿನೋರು ಬಂದ್ರೆ ಅಲ್ಲಿಗೆ ಕಳ್ಸು. ಟೂಲ್ ಅಲ್ಲ, ಉಳಿ ಹಿಡಿಯೋದು ಕಲಿಸ್ತಾಳೆ ಅಂತ ಹೇಳು."

ಬಾಗಿಲಿಗೆ ಬಂದಾಗ ಹಿಂದಿನಿಂದ ಪ್ಲಾಸ್ಟಿಕ್ ಕವರಿನ ಸದ್ದಾಯಿತು. ಅಮ್ಮ ಸೋಫಾದಿಂದ ಏಳಲು ಹೋಗಿ, ಏಳಲಾಗದೆ, ಕೈ ಚಾಚಿದ್ದಳು. ಇರು ಅನ್ನಬಹುದಿತ್ತು, ಹೋಗಬೇಡ ಅನ್ನಬಹುದಿತ್ತು. ಆ ಮನೆಯಲ್ಲಿ ಅಷ್ಟು ವರ್ಷ ಓಡಾಡಿದ ಮಾತೇ ಬಾಯಿಗೆ ಬಂತು.

"ಉಳಿ, ಮಗಳೇ."

ಕೆಂಡಕ್ಕ ಹಿಂದಿರುಗಿ ಬಂದಳು. ಅಮ್ಮನ ಅಂಗೈಯನ್ನು ನೋಡಿದಳು. ಏಪ್ರನ್ನಿನ ಗಂಟು ಸಡಿಲಿಸಿ, ಒಳಗಿದ್ದ ಉಳಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ, ಆ ಅಂಗೈ ಮೇಲೆ ಇಟ್ಟಳು.

"ತಗೋಮ್ಮ" ಎಂದು ಹೇಳಿ, ಬೀದಿಗೆ ಇಳಿದು ಸಾಮಿಲ್ಲಿನ ದಾರಿ ಹಿಡಿದಳು.